ಅಗ್ಗದ ಲೈಟಿನಲ್ಲಿ ಹವಳ ಬದುಕುತ್ತಾ?

ಪ್ರಶ್ನೆ: ನಾನು ಕೋಲಾರ ನಗರದವನು. ಹಾಲ್‌ನಲ್ಲಿ ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಉಪ್ಪುನೀರಿನ ಟ್ಯಾಂಕ್ ಇಟ್ಟು ಆರು ತಿಂಗಳಾಯಿತು. ಎರಡು ಕ್ಲೌನ್ ಮೀನು, ಎರಡು ಮಶ್ರೂಮ್ ಹವಳ, ಒಂದು ಗೊಂಚಲು ಜೋವಾಂಥಿಡ್ (ಗುಂಡಿಯಂಥ ಮೆತ್ತನೆಯ ಹವಳ, ಚಿಕ್ಕದಾಗಿ ಜೋವಾ) ಇವೆ. ಮೇಲೆ 50 ವ್ಯಾಟ್‌ನ ಬಿಳಿ ಎಲ್‌ಇಡಿ ಫ್ಲಡ್ ಲೈಟ್ ಹಾಕಿದ್ದೇನೆ. ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಉರಿಯುತ್ತದೆ. ಮೂಲೆಯ ಮಶ್ರೂಮ್ ಬೆಳಕಿನ ಕಡೆ ಉದ್ದಕ್ಕೆ ಎಳೆದುಕೊಂಡಿದೆ. ಜೋವಾದ ಹಸಿರು ಹೋಗಿ ಕಂದು ಬಂದಿದೆ. ಮರಳಿನ ಮೇಲೆ ಕೆಂಪು ಲೋಳೆ. ನೀರು ಬೋರ್‌ವೆಲ್‌ನದು, ಅಡುಗೆಮನೆಯ ಆರ್‌ಒದಲ್ಲಿ ಹಿಡಿದು ಉಪ್ಪು ಕಲಸುತ್ತೇನೆ. ಬೆಂಗಳೂರಿನ ಅಂಗಡಿಯೊಂದರಲ್ಲಿ, ಹವಳದ ಟ್ಯಾಂಕಿಗೇ ಅಂತ ಮಾಡಿದ 45 ಸಾವಿರದ ರೀಫ್ ಲೈಟ್ ಇಲ್ಲದೆ ಹವಳ ಉಳಿಯೋದಿಲ್ಲ ಅಂದರು. ವಿಡಿಯೊಗಳಲ್ಲಿ ಗಿಡಕ್ಕೆ ಹಾಕುವ ಗ್ರೋ ಲೈಟ್ ಸಾಕು ಅಂತಾರೆ. ಕಿಟಕಿ ಬಿಸಿಲಿಗೆ ಇಡು ಅಂತಾನೆ ಗೆಳೆಯ. ಬೇಸಿಗೆ ಬೇರೆ ಹತ್ತಿರ ಬಂತು. ಮನೆಯವರಿಗೆ ಕರೆಂಟ್ ಬಿಲ್ಲಿನ ಚಿಂತೆ. ಕಡಿಮೆ ಖರ್ಚಿನಲ್ಲಿ ಏನು ಮಾಡಬಹುದು? ಮುಂದೆ ಕಲ್ಲಿನಂಥ ಅಸ್ಥಿ ಕಟ್ಟುವ ಗಟ್ಟಿ ಹವಳ ಸಾಕುವ ಆಸೆಯೂ ಇದೆ.

ಉತ್ತರ: 45 ಸಾವಿರ ಸದ್ಯಕ್ಕೆ ನಿಮ್ಮ ಬಳಿಯೇ ಇರಲಿ. ನೀವು ಸಾಕಿರುವ ಹವಳಕ್ಕೆ ಅಷ್ಟು ಬೆಲೆಯ ಲೈಟ್ ಬೇಕಿಲ್ಲ. ಹಾಗಂತ ಈಗ ಇರುವ ಲೈಟ್ ಸಾಕು ಅಂತಲೂ ಅಲ್ಲ. ಅಂಗಡಿಯವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ.

ನೀವು ಬರೆದಿರುವುದರಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಮಶ್ರೂಮ್ ಎಳೆದುಕೊಂಡಿರುವುದು ಬೆಳಕಿನ ಕಥೆ. ಕೆಂಪು ಲೋಳೆ ನೀರಿನ ಕಥೆ. ಜೋವಾದ ಬಣ್ಣ ಕೆಟ್ಟಿರುವುದರಲ್ಲಿ ಎರಡರ ಪಾಲೂ ಇರಬಹುದು. ಇದನ್ನು ಬಿಡಿಸಿಕೊಳ್ಳದೆ ದೊಡ್ಡ ಲೈಟ್ ತಂದು ಹಾಕಿದರೆ ಲೋಳೆ ಹೋಗುವುದಿಲ್ಲ, ಇನ್ನೂ ಜಾಸ್ತಿ ಆಗಬಹುದು. ನಾನು ಉಪ್ಪುನೀರಿನ ಟ್ಯಾಂಕ್ ಕಟ್ಟಿ ನೋಡಿಕೊಳ್ಳುವ ಕೆಲಸದವನು. ದುಬಾರಿ ಲೈಟಿನ ಕೆಳಗೆ ಸೊರಗಿದ ಟ್ಯಾಂಕ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಅಲ್ಲೆಲ್ಲ ಲೈಟಿಗೆ ಹಣ ಹಾಕಿ ನೀರಿಗೆ ಹಾಕದೆ ಬಿಟ್ಟಿರುತ್ತಾರೆ.

ಮೊದಲು ಬೆಳಕು. ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ಜೂಝಾಂಥೆಲ್ಲೆ ಅಂತ ಅದರ ಹೆಸರು. ಅದು ಬೆಳಕಿನಿಂದ ಸಕ್ಕರೆ ತಯಾರಿಸುತ್ತದೆ, ಅದರಲ್ಲಿ ದೊಡ್ಡ ಪಾಲು ಹವಳಕ್ಕೆ ಹೋಗುತ್ತದೆ. ಬೆಳಕು ಸಾಲದಿದ್ದರೆ, ಅಥವಾ ನೀರಿನಲ್ಲಿ ನೈಟ್ರೇಟ್ ಜಾಸ್ತಿ ಇದ್ದರೆ, ಈ ಪಾಚಿ ಹೆಚ್ಚುತ್ತದೆ. ಅದರ ಬಣ್ಣವೇ ಕಂದು. ಹಾಗಾಗಿ ನಿಮ್ಮ ಜೋವಾ ಸಾಯುತ್ತಿಲ್ಲ, ಹೊಂದಿಕೊಳ್ಳಲು ನೋಡುತ್ತಿದೆ. ನಿಜಕ್ಕೂ ಹೆದರಬೇಕಾದ್ದು ಹವಳ ಬಿಳಚಿಕೊಂಡಾಗ. ಬಿಸಿಯೋ ಬೆಳಕೋ ಅತಿಯಾದರೆ ಹವಳ ಈ ಪಾಚಿಯನ್ನೇ ಹೊರಗೆ ಹಾಕುತ್ತದೆ.

ಬಿಳಿ ಲೈಟಿನಲ್ಲಿ ಹವಳ ಬದುಕಲ್ಲ ಅನ್ನುವುದು ಸುಳ್ಳು. ಬಿಳಿ ಎಲ್‌ಇಡಿಯ ಒಳಗೆ ಇರುವುದೇ ನೀಲಿ ಚಿಪ್, ಹೆಚ್ಚುಕಡಿಮೆ 450 ನ್ಯಾನೊಮೀಟರ್‌ನದು. ಅದರ ಮೇಲೆ ಹಳದಿ ಬೆಳಕು ಸೂಸುವ ಫಾಸ್ಫರ್ ಲೇಪ ಇರುವುದರಿಂದ ನಮಗೆ ಬಿಳಿ ಕಾಣುತ್ತದೆ. ಪಾಚಿಗೆ ಜಾಸ್ತಿ ಬೇಕಾದ್ದೂ ಅದೇ ನೀಲಿ. ಸಮುದ್ರದಲ್ಲಿ ಆಳಕ್ಕೆ ಹೋದಂತೆ ಕೆಂಪು ಬೆಳಕು ಮೊದಲು ಕರಗಿ ಹೋಗುತ್ತದೆ, ನೀಲಿ ಉಳಿಯುತ್ತದೆ. ಹವಳ ಅದಕ್ಕೇ ಒಗ್ಗಿಕೊಂಡಿದೆ. ವಾರ್ಮ್ ವೈಟ್ ಬೇಡ, ಕೂಲ್ ವೈಟ್ ಆಗಬಹುದು, ಜೊತೆಗೆ ರಾಯಲ್ ಬ್ಲೂ ಇದ್ದರೆ ಒಳ್ಳೆಯದು. ನೀಲಿಯಲ್ಲಿ ಹವಳ ಹೊಳೆಯುವುದು ನಮ್ಮ ಕಣ್ಣಿಗೆ ಹಬ್ಬ. ಅಂಗಡಿಯ ಶೋಕೇಸ್‌ನಲ್ಲಿ ನೀವು ನೋಡಿದ್ದು ಬಹುಪಾಲು ಅದೇ.

ಲೈಟ್ ಕೊಳ್ಳುವಾಗ ಡಬ್ಬದ ಮೇಲಿನ ಲೂಮೆನ್ ನೋಡಬೇಡಿ. ಲೂಮೆನ್ ಅಂದರೆ ಮನುಷ್ಯನ ಕಣ್ಣಿನ ಲೆಕ್ಕ. ನಮ್ಮ ಕಣ್ಣಿಗೆ ಹಸಿರು ತುಂಬಾ ಪ್ರಖರ, 450ರ ನೀಲಿ ಅದರ ಮುಂದೆ ಶೇ. 4ರಷ್ಟು ಮಾತ್ರ. ಒಂದೇ ಶಕ್ತಿಯ ನೀಲಿ ಲೈಟ್‌ಗೆ ಲೂಮೆನ್ ತೀರಾ ಕಡಿಮೆ ಬರುತ್ತದೆ, ಹವಳಕ್ಕೆ ಮಾತ್ರ ಅದು ಹೊಟ್ಟೆ ತುಂಬ ಊಟ. ಇದೇ ಕಾರಣಕ್ಕೆ ಮೊಬೈಲಿನ ಲಕ್ಸ್ ಆಪ್ ಕೂಡ ನೀಲಿ ಲೈಟಿನ ಕೆಳಗೆ ತಪ್ಪು ಹೇಳುತ್ತದೆ. ಟ್ಯಾಂಕಿನ ಒಂದು ಮೂಲೆಗೂ ಇನ್ನೊಂದು ಮೂಲೆಗೂ ಎಷ್ಟು ವ್ಯತ್ಯಾಸ ಅಂತ ನೋಡಲು ಬೇಕಾದರೆ ಬಳಸಿ. ಹವಳದ ಲೆಕ್ಕ ಪಾರ್‌ನಲ್ಲಿ ನಡೆಯುತ್ತದೆ. ಒಂದು ಚದರ ಮೀಟರ್ ಜಾಗಕ್ಕೆ ಸೆಕೆಂಡಿಗೆ ಎಷ್ಟು ಮೈಕ್ರೊಮೋಲ್ ಬೆಳಕಿನ ಕಣ ಬಿತ್ತು ಅನ್ನುವ ಅಳತೆ ಅದು. ಮಶ್ರೂಮ್‌ಗೆ 50ರಿಂದ 100 ಪಾರ್, ಜೋವಾ ಮತ್ತು ಲೆದರ್ ಅನ್ನುವ ಮೆತ್ತನೆಯ ಹವಳಕ್ಕೆ 80ರಿಂದ 150 ಸಾಕು. ಅಂಗಡಿಯವರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದು ಬಹುಶಃ ಅಕ್ರೊಪೊರಾದಂಥ ಕವಲೊಡೆಯುವ ಗಟ್ಟಿ ಹವಳ. ಅದಕ್ಕೆ 200ರಿಂದ 350 ಬೇಕು.

ಪಾರ್ ಮೀಟರ್ ದುಬಾರಿ. ಅದಿಲ್ಲದೆ ಒಂದು ಒರಟು ಲೆಕ್ಕ ಹಾಕಬಹುದು. ನಿಮ್ಮ ಟ್ಯಾಂಕಿನ ಬಾಯಿ 0.42 ಚದರ ಮೀಟರ್. ಸಾಧಾರಣ ಎಲ್‌ಇಡಿ ಒಂದು ವ್ಯಾಟ್‌ಗೆ ಒಂದೂವರೆಯಿಂದ ಎರಡು ಮೈಕ್ರೊಮೋಲ್ ಕೊಡುತ್ತದೆ. ಅದರಲ್ಲಿ ಅರ್ಧ ಆಚೀಚೆ ಚೆಲ್ಲಿ ಹೋಯಿತು ಅಂದುಕೊಳ್ಳಿ. 50 ವ್ಯಾಟ್ ಅಂತ ಬರೆದಿರುವ ಅಗ್ಗದ ಫ್ಲಡ್ ಲೈಟ್ ಎಷ್ಟೋ ಸಲ 35 ವ್ಯಾಟ್ ಕೂಡ ಎಳೆಯುವುದಿಲ್ಲ. ಆಗ ಸಿಗುವುದು ಸರಾಸರಿ 60ರಿಂದ 80 ಪಾರ್. ಅದೂ ಒಂದೇ ಲೈಟ್ ಆದ್ದರಿಂದ ನಡುವೆ ಜಾಸ್ತಿ, ಮೂಲೆಗಳಲ್ಲಿ ತೀರಾ ಕಡಿಮೆ. ನಿಮ್ಮ ಮೂಲೆಯ ಮಶ್ರೂಮ್ ಹೇಳುತ್ತಿರುವುದೂ ಇದನ್ನೇ. ನಿಜವಾಗಿ 70 ವ್ಯಾಟ್ ಎಳೆಯುವ ಬೆಳಕನ್ನು ಎರಡು ಲೈಟಾಗಿ ಹಂಚಿ ಹಾಕಿದರೆ 120ರಿಂದ 160ರ ಹತ್ತಿರ ಬರುತ್ತದೆ. ನಿಮಗೆ ಅದಕ್ಕಿಂತ ಜಾಸ್ತಿ ಬೇಡ. ಎಷ್ಟು ವ್ಯಾಟ್ ಎಳೆಯುತ್ತಿದೆ ಅಂತ ನೋಡಲು ಪ್ಲಗ್‌ಗೆ ಸಿಕ್ಕಿಸುವ ಸಣ್ಣ ಮೀಟರ್ ಸಿಗುತ್ತದೆ, ತೆಗೆದುಕೊಳ್ಳಿ.

ಹದಿನೈದು ಗಂಟೆ ಉರಿಸುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. ಮಂದ ಬೆಳಕನ್ನು ಹೆಚ್ಚು ಹೊತ್ತು ಕೊಟ್ಟರೆ ಸರಿಹೋಗುತ್ತೆ ಅನ್ನಿಸುತ್ತದೆ, ಅಲ್ವಾ? ಅದರಿಂದ ಲಾಭ ಆಗುವುದು ಬೇಡದ ಪಾಚಿಗೆ. ಟೈಮರ್ ಹಾಕಿ ಒಂಬತ್ತು ಗಂಟೆಗೆ ಇಳಿಸಿ. ಮಧ್ಯಾಹ್ನ ಒಂದರಿಂದ ರಾತ್ರಿ ಹತ್ತರವರೆಗೆ ಇಟ್ಟರೆ ಕೆಲಸ ಮುಗಿಸಿ ಬಂದ ಮೇಲೂ ನೋಡಬಹುದು.

ಇನ್ನು ಯಾವ ಲೈಟ್ ಅನ್ನುವುದು. ಈಗಿರುವ ಫ್ಲಡ್ ಲೈಟ್ ಪಕ್ಕದಲ್ಲಿ ಇನ್ನೊಂದು ಅಂಥದ್ದೇ ಕಟ್ಟುವುದು ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಅಪಾಯ. ತೀರಾ ಅಗ್ಗದವುಗಳಲ್ಲಿ ವೋಲ್ಟೇಜ್ ಇಳಿಸಿಕೊಡುವ ಡ್ರೈವರ್ ಬೇರೆಯಾಗಿ ಇರುವುದಿಲ್ಲ. ಡಿಒಬಿ ಅನ್ನುತ್ತಾರೆ, ಚಿಪ್ ಕೂತ ಹಲಗೆಗೇ 230 ವೋಲ್ಟ್ ನೇರ ಬಂದಿರುತ್ತದೆ. ಉಪ್ಪಿನ ಹನಿ ಹಾರಿ ಒಳಗೆ ಸೇರಿ ತುಕ್ಕು ಹಿಡಿದರೆ ಲೋಹದ ಮೈಗೆ ಕರೆಂಟ್ ಬರಬಹುದು. ಕೈ ಉಪ್ಪುನೀರಿನಲ್ಲಿ ಇರುವಾಗ ಅದನ್ನು ಮುಟ್ಟಿದರೆ ಏನಾಗುತ್ತೆ ಅಂತ ಹೇಳಬೇಕಿಲ್ಲ. ನೀವು ಉಳಿಸಿದ 45 ಸಾವಿರದಲ್ಲಿ ಮೊದಲ ಖರ್ಚು, ಕರೆಂಟ್ ಸೋರಿದ ಕೂಡಲೇ ಕಡಿದುಹಾಕುವ 30 ಮಿಲಿಆಂಪ್‌ನ ಆರ್‌ಸಿಸಿಬಿ. ಎಲೆಕ್ಟ್ರಿಷಿಯನ್ ಕೈಲಿ ಹಾಕಿಸಿ, ಹಾಗೇ ಅರ್ಥಿಂಗ್ ನೋಡಿಸಿ. ನಮ್ಮ ಬಯಲುಸೀಮೆಯ ನೆಲ ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಗುಂಡಿಗೆ ನೀರು ಹಾಕದ ಮನೆಗಳಲ್ಲಿ ಅರ್ಥಿಂಗ್ ಹೆಸರಿಗೆ ಮಾತ್ರ ಇರುತ್ತದೆ.

ನಾನಾದರೆ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತೇನೆ. ಡ್ರೈವರ್ ಬೇರೆ ಇರುವ, ಕಡಿಮೆ ವೋಲ್ಟೇಜ್‌ನ, ನೀರು ತಾಗದಂತೆ ಮುಚ್ಚಿದ ಎರಡು ಲೈಟ್ ಪಟ್ಟಿಗಳು ಒಂದು ದಾರಿ. ಎರಡು ಪಾಲು ರಾಯಲ್ ಬ್ಲೂ, ಒಂದು ಪಾಲು ಕೂಲ್ ವೈಟ್. ಇಲ್ಲವೇ ಚೀನಾದಿಂದ ಬರುವ ಬ್ಲ್ಯಾಕ್ ಬಾಕ್ಸ್ ಲೈಟ್. ಅದರಲ್ಲಿ ನೀಲಿಗೊಂದು, ಬಿಳಿಗೊಂದು ತಿರುಗುಗುಂಡಿ ಇರುತ್ತದೆ. ಅದರ ಶಕ್ತಿ ನಿಮ್ಮ ಟ್ಯಾಂಕಿಗೆ ಜಾಸ್ತಿಯೇ ಆಯಿತು. ನೀರಿನಿಂದ ಒಂದಡಿ ಮೇಲೆ ತೂಗುಹಾಕಿ, ಕಾಲುಭಾಗದಿಂದ ಶುರುಮಾಡಿ. ಫ್ಯಾನ್ ಸದ್ದು ಮಾಡುತ್ತದೆ, ನಡುವೆ ಬೆಳಕು ಚುಚ್ಚುತ್ತದೆ, ಸರ್ವಿಸ್ ಅನ್ನೋದು ಇಲ್ಲ. ಹವ್ಯಾಸ ಬಿಟ್ಟವರು ಮಾರುವ ಸೆಕೆಂಡ್ ಹ್ಯಾಂಡ್ ರೀಫ್ ಲೈಟ್ ಕೂಡ ಒಳ್ಳೆಯದೇ. ಆದರೆ ಕಣ್ಣೆದುರು ಅರ್ಧ ಗಂಟೆ ಉರಿಸಿ, ಫ್ಯಾನ್ ತಿರುಗುತ್ತಾ, ಕನೆಕ್ಟರ್‌ನಲ್ಲಿ ಹಸಿರು ಕಿಲುಬು ಇದೆಯಾ ನೋಡದೆ ದುಡ್ಡು ಕೊಡಬೇಡಿ. ದುಬಾರಿ ಲೈಟಿನಲ್ಲಿ ನಾವು ಹಣ ಕೊಡುವುದು ಬೆಳಕು ಸಮನಾಗಿ ಹರಡುವುದಕ್ಕೆ, ಮೊಬೈಲಿನಿಂದ ನಡೆಸುವುದಕ್ಕೆ, ಚಂದಕ್ಕೆ, ವಾರಂಟಿಗೆ. ಅವು ಬೆಲೆ ಇಲ್ಲದ ಸಂಗತಿಗಳಲ್ಲ. ಹವಳದ ಜೀವ ಮಾತ್ರ ಅದರ ಮೇಲೆ ನಿಂತಿಲ್ಲ.

ಯಾವುದನ್ನೇ ತಂದರೂ ಮೂರು ನಾಲ್ಕು ವಾರದಲ್ಲಿ ನಿಧಾನಕ್ಕೆ ಏರಿಸಿ. ಮಂದ ಬೆಳಕಿಗೆ ಒಗ್ಗಿದ ಹವಳಕ್ಕೆ ಒಂದೇ ದಿನ ಪೂರ್ತಿ ಬೆಳಕು ಕೊಟ್ಟರೆ ಬಿಳಚಿಕೊಳ್ಳುತ್ತದೆ. ಮಶ್ರೂಮ್ ಮರಳಿನ ಮೇಲೇ ಇರಲಿ, ಜೋವಾ ಮಧ್ಯದ ಎತ್ತರಕ್ಕೆ ಬರಲಿ.

ಗ್ರೋ ಲೈಟ್ ಬೇಡ. ಅದರಲ್ಲಿ ಕೆಂಪು ಜಾಸ್ತಿ, ಹವಳ ಸಾಯೋದಿಲ್ಲ ಆದರೆ ನೋಡಲು ಚೆನ್ನಾಗಿರಲ್ಲ, ಬೇಡದ ಪಾಚಿಗೂ ಅನುಕೂಲ. ಬಿಸಿಲಿನಲ್ಲಿ ತಪ್ಪೇನೂ ಇಲ್ಲ, ನಡುಮಧ್ಯಾಹ್ನ 2000 ಪಾರ್‌ನ ಹತ್ತಿರ ಇರುತ್ತದೆ. ತೊಂದರೆ ಅದರ ಬಿಸಿ. ಏಪ್ರಿಲ್‌ನಲ್ಲಿ ಪಶ್ಚಿಮದ ಕಿಟಕಿ ಎದುರು 190 ಲೀಟರ್ ನೀರನ್ನು ತಂಪಾಗಿ ಇಡುವುದು ಲೈಟಿನ ಬಿಲ್ಲಿಗಿಂತ ದುಬಾರಿ.

ಈಗ ನೀರು. ನನ್ನ ಅನುಮಾನ ಜಾಸ್ತಿ ಇರುವುದು ಇಲ್ಲೇ. ಕೋಲಾರ ಜಿಲ್ಲೆಯ ಬೋರ್‌ವೆಲ್ ನೀರಿನಲ್ಲಿ ಗಡಸುತನ, ಫ್ಲೋರೈಡ್, ನೈಟ್ರೇಟ್ ಹಳೆಯ ಕಥೆ. ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನಿಂದ ಸಂಸ್ಕರಿಸಿ ಬಿಡುವ ಕೊಳಚೆ ನೀರು, ಬಂದಿದ್ದರಿಂದ ಹೀಗಾಯ್ತಾ ಅಂತ ಕೆಲವರು ಕೇಳುತ್ತಾರೆ. ನಮ್ಮ ಕೆರೆಗಳಿಗೆ ಆ ನೀರು ಹರಿದದ್ದು 2018ರಿಂದ, ನೈಟ್ರೇಟ್ ಅದಕ್ಕೂ ಮೊದಲೇ ಇತ್ತು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಇದೆ, ಹವಳಕ್ಕೆ ಒಳ್ಳೆಯದು ಅನ್ನುವವರೂ ಇದ್ದಾರೆ. ಕ್ಯಾಲ್ಸಿಯಂ ಜೊತೆ ಇನ್ನೂ ಏನೇನು ಬರುತ್ತಿದೆ ಅನ್ನುವುದು ಪ್ರಶ್ನೆ. ನೈಟ್ರೇಟ್, ಸಿಲಿಕೇಟ್, ಹಳೆಯ ಕೊಳಾಯಿಯ ತಾಮ್ರ. ತಾಮ್ರ ತುಸು ಇದ್ದರೂ ಹವಳ, ಸೀಗಡಿ, ಬಸವನಹುಳುಗಳಿಗೆ ವಿಷ.

ಆರ್‌ಒ ಇದೆಯಲ್ಲ ಅನ್ನಬಹುದು. ಅಡುಗೆಮನೆಯ ಆರ್‌ಒ ಮಾಡಿರುವುದು ಕುಡಿಯುವವರ ನಾಲಿಗೆಗೆ. ಬಹುಪಾಲು ಯಂತ್ರಗಳಲ್ಲಿ ರುಚಿಗೆ ಅಂತ ಸ್ವಲ್ಪ ಸೋಸದ ಹಸಿ ನೀರನ್ನು ಮತ್ತೆ ಬೆರೆಸುವ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) ಕಂಟ್ರೋಲರ್ ಇರುತ್ತದೆ, ಇಲ್ಲವೇ ಮಿನರಲ್ ಕಾರ್ಟ್ರಿಜ್ ಇರುತ್ತದೆ. ಟಿಡಿಎಸ್ ಮೀಟರ್ ಅದ್ದಿ ನೋಡಿ. 80, 100 ತೋರಿಸಿದರೆ ಆಶ್ಚರ್ಯ ಇಲ್ಲ. ಐದು ರೂಪಾಯಿಗೆ ಕ್ಯಾನ್ ತುಂಬಿಕೊಡುವ ಶುದ್ಧ ನೀರಿನ ಘಟಕದ ನೀರಿಗೂ ಇದೇ ಮಾತು, ಅಳೆಯದೆ ಹಾಕಬೇಡಿ. ನಮಗೆ ಬೇಕಾದ್ದು ಸೊನ್ನೆ. ಮೆಂಬ್ರೇನ್‌ನಿಂದ ನೇರ ಒಂದು ಕೊಳವೆ ತೆಗೆಸಿ, ಅದಕ್ಕೆ ಉಳಿದ ಲವಣಗಳನ್ನೂ ಹಿಡಿದುಕೊಳ್ಳುವ ಡಿಐ ರೆಸಿನ್ ತುಂಬಿದ ಒಂದು ಡಬ್ಬಿ ಸೇರಿಸಿ. ಹಸಿ ನೀರಿನ ಟಿಡಿಎಸ್ 1000 ಇದ್ದು ಮೆಂಬ್ರೇನ್ ಶೇ. 95 ತಡೆದರೂ 50 ಉಳಿಯುತ್ತದೆ. ಹಾಗಾಗಿ ರೆಸಿನ್ ಬೇಗ ಮುಗಿಯುತ್ತದೆ. ಒಮ್ಮೆ ಹಿಡಿದ ನೀರನ್ನೇ ಇನ್ನೊಮ್ಮೆ ಆರ್‌ಒಗೆ ಹಾಯಿಸಿ ಆಮೇಲೆ ಡಿಐಗೆ ಬಿಟ್ಟರೆ ರೆಸಿನ್ ಬಹಳ ದಿನ ಬರುತ್ತದೆ. ವೇಸ್ಟ್ ನೀರು ನೆಲ ಒರೆಸಲು, ಶೌಚಕ್ಕೆ ಆಗುತ್ತದೆ. ಈ ಊರಿನಲ್ಲಿ ನೀರು ಚರಂಡಿಗೆ ಬಿಡಲು ಯಾರಿಗೂ ಮನಸ್ಸು ಬರಲ್ಲ. ಮಳೆಗಾಲದಲ್ಲಿ ಆರ್‌ಸಿಸಿ ತಾರಸಿಯ ನೀರನ್ನು, ಮೊದಲ ಮಳೆಗಳು ತೊಳೆದು ಹೋದ ಮೇಲೆ ಹಿಡಿದು, ಕಾರ್ಬನ್ ಫಿಲ್ಟರ್ ಮತ್ತು ಡಿಐ ಹಾಯಿಸಿ ಬಳಸಬಹುದು. ತಗಡಿನ ಮಾಡಿನ ನೀರು ಮಾತ್ರ ಬೇಡ, ಅದರಲ್ಲಿ ಸತು ಇರುತ್ತದೆ.

ಉಪ್ಪಿನ ಬಗ್ಗೆಯೂ ಒಂದು ಮಾತು. ಕಲ್ಲುಪ್ಪು ಸಮುದ್ರದ್ದೇ ತಾನೇ ಅಂತ ಕೇಳುವವರು ಸಿಗುತ್ತಾರೆ. ಉಪ್ಪಿನ ಗದ್ದೆಯಲ್ಲಿ ಸೋಡಿಯಂ ಕ್ಲೋರೈಡ್ ಹರಳುಗಟ್ಟಿದಾಗ ಮೆಗ್ನೀಶಿಯಂನಂಥವು ಕಹಿ ನೀರಿನಲ್ಲೇ ಉಳಿದು ಹೋಗುತ್ತವೆ. ನಿಮ್ಮ ಕೈಗೆ ಬರುವುದು ಸಮುದ್ರದ ಒಂದು ಭಾಗ ಅಷ್ಟೇ. ಹವಳದ ಟ್ಯಾಂಕಿಗೆ ಅಂತಲೇ ಮಾರುವ ರೀಫ್ ಸಾಲ್ಟ್‌ನಲ್ಲಿ ಮಾತ್ರ ಜುಗ್ಗತನ ಬೇಡ. ಸಾಂದ್ರತೆ 1.025 ಇರಲಿ. ನಿಮ್ಮಲ್ಲಿ ಇರುವಷ್ಟು ಹವಳಕ್ಕೆ ವಾರಕ್ಕೆ ಶೇ. 10 ನೀರು ಬದಲಿಸಿದರೆ ಸಾಕು, ಬಾಟಲಿಗಳಲ್ಲಿ ಮಾರುವ ಹನಿ ಔಷಧಿಗಳು ಬೇಡ.

ಕೆಂಪು ಲೋಳೆ ನಿಜವಾದ ಪಾಚಿಯಲ್ಲ, ಸಯನೋಬ್ಯಾಕ್ಟೀರಿಯಾ. ಕಸ ಕೂತು ನೀರು ಓಡಾಡದ ಜಾಗದಲ್ಲಿ ಬರುತ್ತದೆ. ಪೈಪಿನಿಂದ ಹೀರಿ ತೆಗೆಯಿರಿ, ನೀರು ಓಡಾಡಿಸುವ ವೇವ್‌ಮೇಕರ್ ಪಂಪನ್ನು ಆ ಕಡೆ ತಿರುಗಿಸಿ, ಮೀನಿನ ಊಟ ಅರ್ಧ ಮಾಡಿ. ಮೂರು ದಿನ ಲೈಟ್ ಆರಿಸಿದರೆ ಮಾಯವಾಗುತ್ತದೆ, ಕಾರಣ ಹಾಗೇ ಇದ್ದರೆ ತಿರುಗಿ ಬರುತ್ತದೆ. ಮೆಡಿಕಲ್ ಸ್ಟೋರ್‌ನಿಂದ ಎರಿಥ್ರೊಮೈಸಿನ್ ಮಾತ್ರೆ ತಂದು ಹಾಕುವವರಿದ್ದಾರೆ. ಅದು ಟ್ಯಾಂಕ್ ನಡೆಸುವ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಕೊಡಬಹುದು. ಸತ್ತ ಲೋಳೆ ಕೊಳೆತು ಆಮ್ಲಜನಕ ಕುಸಿದರೆ ಮೀನೇ ಹೋಗುತ್ತದೆ. ಆ ಮಾತ್ರೆ ಹಾಕಿ ಅಂತ ನಾನು ಹೇಳುವುದಿಲ್ಲ.

ಬೇಸಿಗೆಗೆ ನೀರು ತಂಪು ಮಾಡುವ ಚಿಲ್ಲರ್ ಯಂತ್ರ ಕೊಳ್ಳುವ ಮುಂಚೆ ಒಂದು ಫ್ಯಾನ್ ಹಾಕಿ ನೋಡಿ. ಈ ವಿಷಯದಲ್ಲಿ ಕೋಲಾರದವರು ಮಂಗಳೂರಿನವರಿಗಿಂತ ಅದೃಷ್ಟವಂತರು. ಗಾಳಿ ಒಣಗಿದಷ್ಟೂ ನೀರು ಬೇಗ ಆವಿಯಾಗುತ್ತದೆ, ಆವಿಯಾದಷ್ಟೂ ತಂಪು. ನಿಮ್ಮ ಟ್ಯಾಂಕಿನಿಂದ ಒಂದು ಲೀಟರ್ ಆವಿಯಾಗಲು ಬೇಕಾದ ಶಾಖ, ಆ ಟ್ಯಾಂಕನ್ನೇ ಹೆಚ್ಚುಕಡಿಮೆ 3 ಡಿಗ್ರಿ ಇಳಿಸುವಷ್ಟು. ಹೊರಗಿನಿಂದ ಶಾಖ ಬರುತ್ತಲೇ ಇರುವುದರಿಂದ ಪೂರ್ತಿ ಲಾಭ ಸಿಗುವುದಿಲ್ಲ. ಆದರೂ ಮೇಲ್ಮೈಗೆ ಓರೆಯಾಗಿ ಗಾಳಿ ಬೀಸುವ 12 ವೋಲ್ಟ್ ಫ್ಯಾನ್ ಮಾರ್ಚ್‌, ಏಪ್ರಿಲ್‌ನಲ್ಲಿ 2ರಿಂದ 4 ಡಿಗ್ರಿ ಇಳಿಸುತ್ತದೆ. ಗಾಜಿನ ಮುಚ್ಚಳ ತೆಗೆದು ಬಲೆ ಹಾಕಿ. ಆವಿಯಾದ ಜಾಗಕ್ಕೆ ದಿನಾ ಡಿಐ ಹಾಯಿಸಿದ ಸಿಹಿನೀರನ್ನೇ ಸೇರಿಸಿ, ಉಪ್ಪುನೀರನ್ನಲ್ಲ. ಉಪ್ಪು ಆವಿಯಾಗಿ ಹೋಗುವುದಿಲ್ಲ. ಉಷ್ಣಾಂಶ 24ರಿಂದ 27ರೊಳಗೆ ಇದ್ದರೆ ಚೆನ್ನ. 30 ದಾಟಿ ದಿನಗಟ್ಟಲೆ ನಿಂತರೆ ಯಾವ ಲೈಟೂ ಕಾಪಾಡಲ್ಲ. ಡಿಸೆಂಬರ್‌, ಜನವರಿಯ ರಾತ್ರಿಗಳಿಗೆ ಹೀಟರ್ ಬೇಕೇ ಬೇಕು.

ಕರೆಂಟ್ ಹೋದಾಗ ಲೈಟಿನ ಬಗ್ಗೆ ಯೋಚಿಸಬೇಡಿ. ಎರಡು ದಿನ ಕತ್ತಲಲ್ಲಿದ್ದರೂ ನಿಮ್ಮ ಹವಳಕ್ಕೆ ಏನೂ ಆಗದು. ನೀರಿನ ಓಡಾಟ ಕೆಲವು ಗಂಟೆ ನಿಂತರೆ ಮೀನಿಗೆ ಉಸಿರು ಕಟ್ಟುತ್ತದೆ, ಬೇಸಿಗೆಯಲ್ಲಂತೂ ಇನ್ನೂ ಬೇಗ. ಬ್ಯಾಟರಿಯ ಏರ್ ಪಂಪ್ ಒಂದು ಇರಲಿ. ಮುಂದೆ ಪಂಪ್ ಬದಲಿಸುವಾಗ ಡಿಸಿ ಪಂಪ್ ತೆಗೆದುಕೊಂಡರೆ ಬ್ಯಾಟರಿಯಿಂದ ನೇರವಾಗಿ ಓಡಿಸಬಹುದು.

ಬಿಲ್ಲಿನ ಲೆಕ್ಕ ಮನೆಯವರಿಗೆ ಹೀಗೆ ಹೇಳಿ. 70 ವ್ಯಾಟ್ ಒಂಬತ್ತು ಗಂಟೆ ಉರಿದರೆ ತಿಂಗಳಿಗೆ 19 ಯೂನಿಟ್. ಈಗಿನ ಲೈಟ್ 35 ವ್ಯಾಟ್ ಅಂದುಕೊಂಡರೂ ಹದಿನೈದು ಗಂಟೆಗೆ 16 ಯೂನಿಟ್ ಆಗುತ್ತಿದೆ. ದಿನವಿಡೀ ಓಡುವ 35 ವ್ಯಾಟ್‌ನ ಪಂಪುಗಳೇ 25 ಯೂನಿಟ್ ತಿನ್ನುತ್ತವೆ. ಚಿಲ್ಲರ್ ಬಂದರೆ 60 ಯೂನಿಟ್ ಮೇಲೆ ಹೋಗಬಹುದು. ಗೃಹಜ್ಯೋತಿಯಲ್ಲಿ ಇರುವವರು 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಗಡಿಯ ಹತ್ತಿರ ಇದ್ದರೆ ಚಿಲ್ಲರ್ ಕೊಳ್ಳುವ ಮುಂಚೆ ಹಳೆಯ ಬಿಲ್ಲುಗಳನ್ನು ತೆಗೆದು ನೋಡಿ.

ನೀವು ಕೇಳದ ಎರಡು ವಿಷಯ ಹೇಳಿಬಿಡುತ್ತೇನೆ. ಜೋವಾಂಥಿಡ್‌ಗಳಲ್ಲಿ ಕೆಲವು ಪಾಲಿಟಾಕ್ಸಿನ್ ಅನ್ನುವ ಭಯಂಕರ ವಿಷ ಇಟ್ಟುಕೊಂಡಿರುತ್ತವೆ. ಕತ್ತರಿಸುವಾಗ ಗ್ಲೌಸ್, ಕನ್ನಡಕ ಇರಲಿ. ಅದು ಅಂಟಿದ ಕಲ್ಲನ್ನು ಯಾವ ಕಾರಣಕ್ಕೂ ಬಿಸಿನೀರಿನಲ್ಲಿ ಕುದಿಸಬೇಡಿ, ಆವಿ ಕುಡಿದು ಮನೆಮಂದಿ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ಆಗಿವೆ. ಇನ್ನೊಂದು, ಸೊಳ್ಳೆ ಔಷಧಿ. ನಿಮ್ಮ ಜಿಲ್ಲೆಯಲ್ಲಿ ರೇಷ್ಮೆ ಹುಳು ಸಾಕುವ ಮನೆಯಲ್ಲಿ ಯಾರೂ ಸ್ಪ್ರೇ ಹೊಡೆಯುವುದಿಲ್ಲ. ಟ್ಯಾಂಕ್ ಇರುವ ಹಾಲ್‌ಗೂ ಅದೇ ಶಿಸ್ತು ಬೇಕು, ಸೀಗಡಿಗಳು ಅದಕ್ಕೆ ಮೊದಲು ಬಲಿಯಾಗುತ್ತವೆ.

ಗಟ್ಟಿ ಹವಳದ ಆಸೆಗೆ ಅಡ್ಡ ಇರುವುದು ಲೈಟಲ್ಲ, ಕಾನೂನು. ರೀಫ್ ಕಟ್ಟುವ ಗಟ್ಟಿ ಹವಳಗಳೆಲ್ಲ, ಜೊತೆಗೆ ಕಪ್ಪು ಹವಳ, ಆರ್ಗನ್ ಪೈಪ್ ಹವಳ, ಫೈರ್ ಕೋರಲ್, ಸೀ ಫ್ಯಾನ್, 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿವೆ. ಹುಲಿಯೂ ಅದೇ ಪಟ್ಟಿಯಲ್ಲಿದೆ. ಹೊರದೇಶದಿಂದ ಬಂದದ್ದು ಅಂತ ಅಂಗಡಿಯವರು ಹೇಳಿದರೂ ಗಟ್ಟಿ ಹವಳ, ವನ್ಯಜೀವಿ ವ್ಯಾಪಾರದ ಮೇಲೆ ಹಿಡಿತ ಇಡುವ ಅಂತಾರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ. 2022ರ ತಿದ್ದುಪಡಿ ಆದ ಮೇಲೆ ಅಂಥ ಜೀವಿಯನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು. ಕಾಗದಪತ್ರ ಇಲ್ಲದ ಮಾಲು ಬೇಡ. ಸಮುದ್ರದಿಂದ ಎತ್ತಿದ ಲೈವ್ ರಾಕ್ ಅಂತ ಮಾರುವುದೂ ಬಹುಪಾಲು ಹವಳದ ಅಸ್ಥಿಯೇ, ಅದರ ಬದಲು ಸೆರಾಮಿಕ್ ಕಲ್ಲು ತನ್ನಿ. ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡಿ ಕಣ್ತುಂಬ ನೋಡಿಕೊಂಡು ಬನ್ನಿ, ಚೂರು ಕೂಡ ಎತ್ತಿಕೊಂಡು ಬರಬೇಡಿ.

ಮುಂದಿನ ಹೆಜ್ಜೆಗೆ ಲೆದರ್ ಹವಳ ಸರಿ. ಹೊಸ ಲೈಟಿಗೆ ಇರುವ ಹವಳಗಳು ಒಗ್ಗಿ, ಲೋಳೆ ಹೋಗಿ ಒಂದು ತಿಂಗಳು ಕಳೆದ ಮೇಲೆ ಸಣ್ಣ ತುಂಡು ತನ್ನಿ. ಏಪ್ರಿಲ್, ಮೇ ಮಧ್ಯಾಹ್ನ ಬಸ್ಸಿನಲ್ಲಿ ತರಬೇಡಿ. ಬೆಳಿಗ್ಗೆ ಬೇಗ ಹೊರಟು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ತನ್ನಿ. ಬಂದ ಮೇಲೆ ಅದು ಕೆಲವು ದಿನ ಮುಚ್ಚಿಕೊಂಡು, ಮೈಮೇಲೆ ಮೇಣದಂಥ ಪೊರೆ ಕಟ್ಟಬಹುದು. ಲೈಟ್ ಸಾಲಲಿಲ್ಲ ಅಂತ ಗುಂಡಿ ತಿರುಗಿಸಲು ಹೋಗಬೇಡಿ. ನೀರು ಸ್ವಲ್ಪ ಜೋರಾಗಿ ಹಾಯುವಂತೆ ಇಡಿ, ಪೊರೆ ಕಳಚಿದ ಮೇಲೆ ತಾನೇ ಅರಳುತ್ತದೆ.